ಕ್ಯಾಲ್ಸಿಯಂ ಸ್ಕೋರ್ 412, ತೊಂದರೆ ಒಂದೂ ಇಲ್ಲ: ಸ್ಟ್ಯಾಟಿನ್ ಶುರು ಮಾಡಬೇಕೇ?

ಬೆಳಗಿನನಡಿಗೆ

ನನಗೀಗ 58 ವರ್ಷ. ಎದೆನೋವಾಗಲಿ ಏದುಸಿರಾಗಲಿ ಇದುವರೆಗೆ ಕಾಣಿಸಿಕೊಂಡಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಧೂಮಪಾನದ ಅಭ್ಯಾಸವಿಲ್ಲ, ರಕ್ತದೊತ್ತಡ ಮಾತ್ರ ಗಡಿಯಂಚಿನಲ್ಲಿ ಓಡಾಡಿಕೊಂಡಿದೆ. ತಂದೆಗೆ ಅರವತ್ತು ದಾಟಿದ ಮೇಲೆ ಹೃದಯಾಘಾತವಾಗಿತ್ತು ಎಂಬ ಕಾರಣಕ್ಕೆ ವೈದ್ಯರು ಹೃದಯದ ಕ್ಯಾಲ್ಸಿಯಂ ಸ್ಕ್ಯಾನ್ ಮಾಡಿಸಲು ಹೇಳಿದರು. ವರದಿಯಲ್ಲಿ ಸ್ಕೋರ್ 412 ಎಂದು ಬಂದಿದೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 134 ಇದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ರೋಸುವಾಸ್ಟ್ಯಾಟಿನ್ 20 ಮಿಲಿಗ್ರಾಂ ಬರೆದುಕೊಟ್ಟು, ಇನ್ನು ಮುಂದೆ ಇದನ್ನು ನಿಲ್ಲಿಸುವಂತಿಲ್ಲ ಎಂದಿದ್ದಾರೆ.

ಮಾತ್ರೆಯನ್ನು ಇನ್ನೂ ಆರಂಭಿಸಿಲ್ಲ. ನನ್ನ ಎಲ್‌ಡಿಎಲ್ ಅಷ್ಟೇನೂ ಹೆಚ್ಚಿಲ್ಲವೆಂದೇ ಇಷ್ಟು ದಿನ ಎಲ್ಲರೂ ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ಅದೇ ಅಂಕಿ ಅಪಾಯಕಾರಿಯಾದದ್ದು ಹೇಗೆ ಎಂಬುದು ತಿಳಿಯುತ್ತಿಲ್ಲ. ಅದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿದ್ದು, ಸ್ಟ್ಯಾಟಿನ್ ತೆಗೆದುಕೊಂಡರೆ ಕ್ಯಾಲ್ಸಿಯಂ ಸ್ಕೋರ್ ಇಳಿಯುವ ಬದಲು ಏರುತ್ತದೆ ಎಂದು ಓದಿದ ಮಾತು. ರೋಗದ ಗುರುತನ್ನೇ ಹೆಚ್ಚಿಸುವ ಔಷಧವನ್ನು ರೋಗಕ್ಕೆಂದು ಕೊಡುವುದರ ತರ್ಕವೇನು? ಕಾಯಿಲೆಯ ಅನುಭವವೇ ಇಲ್ಲದ ಮನುಷ್ಯ ಬದುಕಿರುವವರೆಗೆ ಮಾತ್ರೆ ನುಂಗಲು ಒಪ್ಪಬೇಕಾದರೆ, ಅದರಿಂದ ಸಿಗುವುದೆಷ್ಟು, ಕಳೆದುಕೊಳ್ಳುವುದೆಷ್ಟು ಎಂಬ ಲೆಕ್ಕವಾದರೂ ಕಣ್ಣಿಗೆ ಕಾಣಬೇಕು ಎಂಬುದು ನನ್ನ ಅಪೇಕ್ಷೆ.

ಸ್ಟೆತಸ್ಕೋಪು

ನಾನು ವೃತ್ತಿಯಿಂದ ವೈದ್ಯ. ನಿಮ್ಮನ್ನು ಪರೀಕ್ಷಿಸದೆ ನಿಮಗೆ ಸಲಹೆ ಕೊಡಲು ಬಾರದು, ಆದರೆ ಈ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದನ್ನು ವಿವರಿಸಬಹುದು. ಅದು ತಿಳಿದರೆ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

1990ರಲ್ಲಿ ಆರ್ಥರ್ ಅಗಾಟ್‌ಸ್ಟನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಯಾವ ದ್ರವವನ್ನೂ ಚುಚ್ಚದೆ, ಹೃದಯದ ಬಡಿತಕ್ಕೆ ಹೊಂದಿಸಿ ತೆಗೆಯುವ ಸಿ.ಟಿ. ಚಿತ್ರದಲ್ಲಿ, ಹೃದಯಕ್ಕೆ ರಕ್ತ ಒದಗಿಸುವ ಅಪಧಮನಿಗಳ ಮೇಲೆ ಸಾಂದ್ರತೆ ಅಳೆಯುವ ಹೌನ್ಸ್‌ಫೀಲ್ಡ್ ಮಾನದಲ್ಲಿ 130ಕ್ಕೂ ಮಿಕ್ಕಿ ಬೆಳ್ಳಗೆ ಹೊಳೆಯುವ ಚುಕ್ಕೆಗಳನ್ನು ಗುರುತಿಸುತ್ತಾರೆ. ಪ್ರತಿ ಚುಕ್ಕೆಯ ವಿಸ್ತೀರ್ಣವನ್ನು ಅದರ ಸಾಂದ್ರತೆಗೆ ತಕ್ಕಂತೆ 1ರಿಂದ 4ರವರೆಗಿನ ಅಂಕಿಯಿಂದ ಗುಣಿಸಿ, ಎಲ್ಲವನ್ನೂ ಕೂಡಿದಾಗ ಬರುವ ಮೊತ್ತವೇ ನಿಮ್ಮ 412. ಹಾಗಾಗಿ ಇದು ನಾಳ ಎಷ್ಟು ಕಿರಿದಾಗಿದೆ ಎಂಬುದರ ಅಳತೆಯಲ್ಲ. 412 ಸ್ಕೋರಿನವರ ನಾಳಗಳಲ್ಲಿ ರಕ್ತ ಸರಾಗವಾಗಿ ಹರಿಯುತ್ತಿರಬಹುದು. 40 ಸ್ಕೋರಿನವರ ಒಂದು ನಾಳ ಬಹುಪಾಲು ಮುಚ್ಚಿಯೂ ಇರಬಹುದು. ಸ್ಕೋರ್ ಹೇಳುವುದು ನಾಳದ ಗೋಡೆಯೊಳಗೆ ಎಷ್ಟು ಕೊಬ್ಬಿನ ಗಡ್ಡೆ, ಅಂದರೆ ನಾವು ಪ್ಲಾಕ್ ಎನ್ನುವುದು, ವರ್ಷಾನುಗಟ್ಟಲೆ ಕೂಡಿಕೊಂಡಿದೆ ಎಂಬುದರ ಅಂದಾಜನ್ನು. ಪ್ಲಾಕಿನಲ್ಲಿ ಉರಿಯೂತ ನಡೆದು ಜೀವಕೋಶಗಳು ಸತ್ತ ಕಡೆ ಸುಣ್ಣ ಕಟ್ಟತೊಡಗುತ್ತದೆ. ನಾಳದ ಗೋಡೆಯ ಸ್ನಾಯುಕೋಶಗಳೇ ಮೂಳೆ ಕಟ್ಟುವ ಕೋಶಗಳಂತೆ ವರ್ತಿಸಲು ತೊಡಗುತ್ತವೆ. ಒಲೆಯಲ್ಲಿ ಉಳಿದ ಬೂದಿಯನ್ನು ನೋಡಿ ಬೆಂಕಿ ಎಷ್ಟು ಹೊತ್ತು ಉರಿದಿರಬೇಕೆಂದು ಊಹಿಸುವ ಹಾಗೆ ನಾವು ಕ್ಯಾಲ್ಸಿಯಂ ನೋಡಿ ಪ್ಲಾಕಿನ ಚರಿತ್ರೆಯನ್ನು ಊಹಿಸುತ್ತೇವೆ. ಸ್ಟ್ಯಾಟಿನ್ ಮಾಡುವುದು ಬೆಂಕಿ ತಗ್ಗಿಸುವ ಕೆಲಸವನ್ನು, ಬೂದಿ ಗುಡಿಸುವ ಕೆಲಸವನ್ನಲ್ಲ.

ಸ್ಟ್ಯಾಟಿನ್ ಸೇವಿಸುವವರಲ್ಲಿ ಸ್ಕೋರ್ ಏರುವುದು ನಿಜ. 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ನಾಳದೊಳಗಿನಿಂದಲೇ ಅಲ್ಟ್ರಾಸೌಂಡ್ ಮಾಡಿ ಪ್ಲಾಕ್ ಅಳೆದ ಎಂಟು ಪ್ರಯೋಗಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ಹೆಚ್ಚಿನ ಪ್ರಮಾಣದ ಸ್ಟ್ಯಾಟಿನ್ ಪಡೆದವರಲ್ಲಿ ಪ್ಲಾಕಿನ ಗಾತ್ರ ಕುಗ್ಗಿದ್ದರೂ ಅದರಲ್ಲಿನ ಕ್ಯಾಲ್ಸಿಯಂ ಹೆಚ್ಚಿತ್ತು. ಮೆತ್ತಗಿದ್ದು ಒಡೆಯಬಹುದಾಗಿದ್ದ ಪ್ಲಾಕ್ ಗಟ್ಟಿಯಾಗುತ್ತಿದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹೃದಯಾಘಾತಕ್ಕೆ ಬಹುತೇಕ ಕಾರಣವಾಗುವುದು ಒಡೆಯುವ ಪ್ಲಾಕ್. ಗಟ್ಟಿಗೊಂಡು ಸುಮ್ಮನಿರುವ ಪ್ಲಾಕ್ ಅಷ್ಟಾಗಿ ಕಾಡುವುದಿಲ್ಲ. ಮೇಸಾ ಎಂಬ ದೊಡ್ಡ ಅಧ್ಯಯನದಿಂದ 2014ರಲ್ಲಿ ಹೊರಬಂದ ಫಲಿತಾಂಶವೂ ಇದಕ್ಕೆ ಹೊಂದುತ್ತದೆ: ಕ್ಯಾಲ್ಸಿಯಂ ಆವರಿಸಿದ ಗಾತ್ರ ಹೆಚ್ಚಿದಷ್ಟೂ ಅಪಾಯ ಹೆಚ್ಚು, ಆದರೆ ಗಾತ್ರ ಒಂದೇ ಆಗಿದ್ದಾಗ ಸಾಂದ್ರತೆ ಹೆಚ್ಚಿದ್ದವರಲ್ಲಿ ಅಪಾಯ ಕಡಿಮೆ. ಅಗಾಟ್‌ಸ್ಟನ್ ವಿಧಾನ ಎರಡನ್ನೂ ಗುಣಿಸಿಬಿಡುವುದರಿಂದ ಈ ವ್ಯತ್ಯಾಸ ಅದರಲ್ಲಿ ಮರೆಯಾಗುತ್ತದೆ.

ಒಪ್ಪದವನು

ವಿವರಣೆ ಸೊಗಸಾಗಿದೆ, ಅದರ ಅನುಕೂಲವನ್ನೂ ಗಮನಿಸಬೇಕು. ಸ್ಕೋರ್ ಹೆಚ್ಚಿದ್ದರೆ ಔಷಧ ಬೇಕು. ಔಷಧ ತೆಗೆದುಕೊಂಡ ಮೇಲೆ ಸ್ಕೋರ್ ಇನ್ನೂ ಹೆಚ್ಚಿದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ಯಾವ ಫಲಿತಾಂಶ ಬಂದರೂ ಸೋಲದ ಸಿದ್ಧಾಂತವನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಸ್ಕ್ಯಾನ್ ನೋಡಿ ಸ್ಟ್ಯಾಟಿನ್ ಕೊಟ್ಟರೆ ಜನ ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿದ ಯಾದೃಚ್ಛಿಕ ಪ್ರಯೋಗ, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗ, ಎಲ್ಲಿದೆ? ಸೇಂಟ್ ಫ್ರಾನ್ಸಿಸ್ ಹಾರ್ಟ್ ಸ್ಟಡಿ ನೇರವಾಗಿ ಇದನ್ನೇ ಪರೀಕ್ಷಿಸಿತು. ಯಾವ ಲಕ್ಷಣವೂ ಇಲ್ಲದ, ಕ್ಯಾಲ್ಸಿಯಂ ಸ್ಕೋರ್ ತಮ್ಮ ವಯಸ್ಸಿನವರ ಪೈಕಿ ಮೇಲಿನ ಶೇಕಡಾ 20ರಲ್ಲಿದ್ದ 1,005 ಜನರಲ್ಲಿ ಕೆಲವರಿಗೆ ಎಟೊರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ ಜೊತೆ ಸಿ ಮತ್ತು ಇ ಜೀವಸತ್ವಗಳನ್ನು, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನು ಕೊಟ್ಟು ನಾಲ್ಕು ವರ್ಷಕ್ಕೂ ಮೀರಿ ಗಮನಿಸಿದರು. ತೊಂದರೆಗೊಳಗಾದವರು ಔಷಧದ ಗುಂಪಿನಲ್ಲಿ ಶೇಕಡಾ 6.9, ಹುಸಿಮಾತ್ರೆಯ ಗುಂಪಿನಲ್ಲಿ ಶೇಕಡಾ 9.9. ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ಆಕಸ್ಮಿಕವಲ್ಲವೆಂದು ಹೇಳಲು ಸಾಲದು. ಡೆನ್ಮಾರ್ಕಿನ ಡ್ಯಾನ್‌ಕಾವಾಸ್ ಪ್ರಯೋಗದಲ್ಲಿ 65ರಿಂದ 74 ವರ್ಷದ ಗಂಡಸರನ್ನು ಸ್ಕ್ಯಾನ್ ಸಹಿತ ತಪಾಸಣೆಗೆ ಕರೆದರು; 2022ರಲ್ಲಿ ಫಲಿತಾಂಶ ಬಂದಾಗ, ಕರೆಸಿಕೊಂಡವರಲ್ಲಿ ಸತ್ತವರು ಶೇಕಡಾ 12.6, ಕರೆಸಿಕೊಳ್ಳದವರಲ್ಲಿ ಶೇಕಡಾ 13.1. ಇದೂ ನಿರ್ಣಾಯಕವಲ್ಲ. ಇಷ್ಟರ ಮೇಲೆ ಒಬ್ಬ ಆರೋಗ್ಯವಂತನನ್ನು ಜೀವಮಾನದ ರೋಗಿಯನ್ನಾಗಿ ಮಾಡುವುದು ನನಗೆ ಅವಸರವೆನಿಸುತ್ತದೆ.

ಅಂಕಿಗಣಿತ

ಒಪ್ಪದವನು ಕೊಟ್ಟ ಅಂಕಿಗಳು ಸರಿಯಾಗಿವೆ. ಆದರೆ ಅದೇ ಸೇಂಟ್ ಫ್ರಾನ್ಸಿಸ್ ಅಧ್ಯಯನದಲ್ಲಿ ಸ್ಕೋರ್ 400 ದಾಟಿದವರನ್ನು ಮಾತ್ರ ನೋಡಿದಾಗ ಶೇಕಡಾ 15ರಷ್ಟಿದ್ದ ತೊಂದರೆ ಶೇಕಡಾ 8.7ಕ್ಕೆ ಇಳಿದಿತ್ತು ಎಂಬುದನ್ನು ಅವರು ಬಿಟ್ಟಿದ್ದಾರೆ. ಉಪಗುಂಪಿನ ಫಲಿತಾಂಶವನ್ನು ಅಳತೆ ಮೀರಿ ನಂಬಬಾರದು ಎಂಬುದು ನಿಜ. ಹಾಗೆಂದು ಪ್ರಶ್ನೆ ಕೇಳಿದವರ ಸ್ಕೋರ್ 412 ಇರುವಾಗ ಅದನ್ನು ಹೇಳದೇ ಹೋಗುವುದೂ ಸರಿಯಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯ ನಿಂತಿರುವುದು ಒಂದೇ ಅಂಶದ ಮೇಲೆ. ಔಷಧವು ಅಪಾಯವನ್ನು ಇಳಿಸುವ ಅನುಪಾತ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಆ ಅನುಪಾತವನ್ನು ಯಾವ ಮೊತ್ತಕ್ಕೆ ಅನ್ವಯಿಸುತ್ತೇವೆ ಎಂಬುದು. ಸ್ಟ್ಯಾಟಿನ್ ಪ್ರಯೋಗಗಳಲ್ಲಿ ಭಾಗವಹಿಸಿದ 1,70,000 ಜನರ ಮಾಹಿತಿಯನ್ನು ಕ್ರೋಡೀಕರಿಸಿದ 2010ರ ವಿಶ್ಲೇಷಣೆಯ ಪ್ರಕಾರ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ತೊಂದರೆಗಳು ಸುಮಾರು ಶೇಕಡಾ 22ರಷ್ಟು ತಗ್ಗುತ್ತವೆ. ಬೆಳಗಿನನಡಿಗೆಯವರ 134ನ್ನು ಅರ್ಧಕ್ಕೆ ತಂದರೆ ಇಳಿಕೆ 67 ಮಿಲಿಗ್ರಾಂ. ಅಪಾಯ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ ಎಂದು ಅಂದಾಜಿಸಬಹುದು.

ಈಗ ಆ ಮೂರರಲ್ಲೊಂದು ಯಾವುದರಲ್ಲಿ? ಸ್ಕೋರ್ ಸೊನ್ನೆ ಇದ್ದು ಹತ್ತು ವರ್ಷದ ಅಪಾಯ ಶೇಕಡಾ 3 ಇದ್ದವರಿಗೆ ದೊರೆಯುವುದು ಶೇಕಡಾ 1. ಅಂಥವರು ನೂರು ಜನ ಹತ್ತು ವರ್ಷ ಮಾತ್ರೆ ತೆಗೆದುಕೊಂಡರೆ ಒಬ್ಬರಿಗೆ ಪ್ರಯೋಜನ. ಅಪಾಯ ಶೇಕಡಾ 18 ಇದ್ದವರಿಗೆ ದೊರೆಯುವುದು ಶೇಕಡಾ 6. ಅಂದರೆ ಹದಿನೇಳು ಜನರಲ್ಲಿ ಒಬ್ಬರಿಗೆ. ಮೇಸಾ ಅಧ್ಯಯನದಲ್ಲಿ ಹತ್ತು ವರ್ಷ ಗಮನಿಸಿದಾಗ, ವಯಸ್ಸು, ಲಿಂಗ, ಜನಾಂಗಗಳ ಬೇರೆ ಬೇರೆ ಗುಂಪುಗಳಲ್ಲಿ ತೊಂದರೆಯ ಪ್ರಮಾಣ ಸ್ಕೋರ್ ಸೊನ್ನೆ ಇದ್ದವರಲ್ಲಿ ಶೇಕಡಾ 1.3ರಿಂದ 5.6ರವರೆಗೆ, 300 ಮೀರಿದವರಲ್ಲಿ ಶೇಕಡಾ 13.1ರಿಂದ 25.6ರವರೆಗೆ ಇತ್ತು. ನಾನು ಮೇಲೆ ಬಳಸಿದ 3 ಮತ್ತು 18 ಕೇವಲ ಉದಾಹರಣೆಗಳಾದರೂ ಈ ವ್ಯಾಪ್ತಿಯ ಒಳಗೇ ಇವೆ. ಅವರ ಎಲ್‌ಡಿಎಲ್ ಮೊದಲೂ 134 ಇತ್ತು, ಈಗಲೂ 134 ಇದೆ. ಬದಲಾದದ್ದು ಗುಣಿಸುವ ಮೊತ್ತ.

ಅಂದಹಾಗೆ, ಮೇಸಾದಲ್ಲಿ ಇದ್ದವರು ಅಮೆರಿಕದ ನಾಲ್ಕು ಜನಾಂಗಗಳ 45ರಿಂದ 84 ವರ್ಷದೊಳಗಿನ 6,814 ಜನ. ಬೇರೆ ಮೂಲದವರಿಗೆ ಈ ಲೆಕ್ಕಗಳನ್ನು ಅನ್ವಯಿಸುವಾಗ ಅವು ದಿಕ್ಕು ತೋರಿಸುತ್ತವೆ ಎಂದಷ್ಟೇ ತಿಳಿಯಬೇಕು, ದಶಾಂಶದವರೆಗೆ ನಂಬಿ ಕೂರಬಾರದು.

ಒಪ್ಪದವನು

ಹದಿನೇಳರಲ್ಲಿ ಒಬ್ಬರು ಎಂದರೆ ಹದಿನಾರು ಜನ ಸುಮ್ಮನೆ ನುಂಗಿದಂತಾಯಿತಲ್ಲವೇ?

ಅಂಕಿಗಣಿತ

ಹೌದು, ಆ ಹತ್ತು ವರ್ಷದ ಮಟ್ಟಿಗೆ ಹಾಗೆಯೇ ಆಯಿತು. ಆ ಒಬ್ಬರು ಯಾರೆಂದು ಮೊದಲೇ ಹೇಳುವ ವಿಧಾನ ಯಾರ ಬಳಿಯೂ ಇಲ್ಲದ ಕಾರಣ ತಡೆಗಟ್ಟುವ ಚಿಕಿತ್ಸೆಗಳೆಲ್ಲ ಹೀಗೇ ಇರುತ್ತವೆ. ಆ ಸಂಖ್ಯೆ ನಿಮಗೆ ದೊಡ್ಡದೋ ಚಿಕ್ಕದೋ ಎಂಬುದು ನೀವು ತೀರ್ಮಾನಿಸಬೇಕಾದ ವಿಷಯ, ಗಣಿತದ್ದಲ್ಲ. ಇನ್ನೊಂದು ಮಾಹಿತಿ: ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿಕೊಂಡ 13,644 ಜನರ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಸ್ಕೋರ್ 100 ದಾಟಿದವರಲ್ಲಿ ಹತ್ತು ವರ್ಷಕ್ಕೆ ಹನ್ನೆರಡು ಜನರಲ್ಲಿ ಒಬ್ಬರಿಗೆ ಸ್ಟ್ಯಾಟಿನ್‌ನಿಂದ ಪ್ರಯೋಜನ ಕಂಡಿತು, 1ರಿಂದ 100 ಇದ್ದವರಲ್ಲಿ ಅದು ನೂರಕ್ಕೆ ಒಬ್ಬರು, ಸೊನ್ನೆ ಇದ್ದವರಲ್ಲಿ ಪ್ರಯೋಜನವೇ ಕಾಣಲಿಲ್ಲ. ಇದು ಹಳೆಯ ದಾಖಲೆಗಳ ಅಧ್ಯಯನ, ಯಾದೃಚ್ಛಿಕ ಪ್ರಯೋಗವಲ್ಲ. ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವವರು ಇತರ ವಿಷಯಗಳಲ್ಲೂ ಶಿಸ್ತಿನವರಾಗಿರುವ ಸಾಧ್ಯತೆ ಇದ್ದೇ ಇದೆ.

ಮೂರನೇಮಾತ್ರೆ

ಲೆಕ್ಕದ ಇನ್ನೊಂದು ಬದಿಯ ಬಗ್ಗೆ, ಅಂದರೆ ತೊಂದರೆಯ ಬಗ್ಗೆ, ಅನುಭವದಿಂದ ಬರೆಯುತ್ತಿದ್ದೇನೆ. ಮೊದಲು ಕೊಟ್ಟ ಸ್ಟ್ಯಾಟಿನ್‌ನಿಂದ ಎರಡೂ ತೊಡೆಗಳಲ್ಲಿ ಭಾರವಾದ ನೋವು ಕಾಣಿಸಿಕೊಂಡಿತು. ಮೆಟ್ಟಿಲು ಹತ್ತುವಾಗ ಅದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ನಿಲ್ಲಿಸಿದಾಗ ಹೋಯಿತು. ಎರಡನೆಯದರಲ್ಲೂ ಅದೇ ಕಥೆ. ಈಗ ಕಡಿಮೆ ಪ್ರಮಾಣದ ರೋಸುವಾಸ್ಟ್ಯಾಟಿನ್ ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಬಗೆಯ ಔಷಧ ಎಜೆಟಿಮೈಬ್ ತೆಗೆದುಕೊಳ್ಳುತ್ತಿದ್ದೇನೆ, ನೋವಿಲ್ಲ.

ಸ್ಯಾಮ್ಸನ್ ಎಂಬ ಪ್ರಯೋಗದ ಬಗ್ಗೆ ವೈದ್ಯರು ನನಗೆ ಹೇಳಿದಾಗ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅಡ್ಡಪರಿಣಾಮದಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ವರ್ಷವಿಡೀ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿಮಾತ್ರೆ ಕೊಟ್ಟರು, ಇನ್ನು ಕೆಲವು ತಿಂಗಳು ಏನನ್ನೂ ಕೊಡಲಿಲ್ಲ; ದಿನವೂ ಬಾಧೆಗೆ ನೂರಕ್ಕೆ ಅಂಕ ಹಾಕಲು ಹೇಳಿದರು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ 8, ಹುಸಿಮಾತ್ರೆಯಲ್ಲಿ 15.4, ಸ್ಟ್ಯಾಟಿನ್‌ನಲ್ಲಿ 16.3. ಅಂದರೆ ಸ್ಟ್ಯಾಟಿನ್ ಕಾಲದ ಬಾಧೆಯ ಹತ್ತರಲ್ಲಿ ಒಂಬತ್ತು ಪಾಲು ಹುಸಿಮಾತ್ರೆಯಲ್ಲೂ ಇತ್ತು. ಪ್ರಯೋಗ ಮುಗಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ನೋವು ಸುಳ್ಳೆಂದು ಇದು ಹೇಳುವುದಿಲ್ಲ. ನೋವಿನ ಮೂಲ ಯಾವಾಗಲೂ ಔಷಧವೇ ಆಗಿರಬೇಕಿಲ್ಲ ಎಂದು ಹೇಳುತ್ತದೆ. ನನ್ನ ನೋವು ಯಾವ ಬಗೆಯದ್ದೆಂದು ತೀರ್ಮಾನಿಸುವ ಗೋಜಿಗೆ ನಾನು ಹೋಗಿಲ್ಲ, ಏಕೆಂದರೆ ಈಗಿನ ಏರ್ಪಾಡು ನನಗೆ ಒಗ್ಗಿದೆ.

ಔಷಧಶಾಸ್ತ್ರ

ಮೇಲಿನ ಮಾತಿಗೆ ಕೆಲವು ವಿವರಗಳನ್ನು ಸೇರಿಸುತ್ತೇನೆ. 2022ರಲ್ಲಿ ಪ್ರಕಟವಾದ, ಹುಸಿಮಾತ್ರೆಯೊಂದಿಗೆ ಹೋಲಿಸಿದ 19 ಪ್ರಯೋಗಗಳ ಒಟ್ಟು ವಿಶ್ಲೇಷಣೆಯಲ್ಲಿ ಸ್ನಾಯುನೋವು ಅಥವಾ ನಿಶ್ಶಕ್ತಿಯನ್ನು ಹೇಳಿಕೊಂಡವರು ಸ್ಟ್ಯಾಟಿನ್ ಗುಂಪಿನಲ್ಲಿ ಶೇಕಡಾ 27.1, ಹುಸಿಮಾತ್ರೆಯ ಗುಂಪಿನಲ್ಲಿ ಶೇಕಡಾ 26.6. ಹೆಚ್ಚುವರಿ ನೋವು ಕಂಡದ್ದು ಬಹುಮಟ್ಟಿಗೆ ಮೊದಲ ವರ್ಷದಲ್ಲಿ. ನಿಜವಾಗಿ ಔಷಧದಿಂದ ಬರುವ ನೋವು ಸಾಮಾನ್ಯವಾಗಿ ದೇಹದ ಎರಡೂ ಬದಿಗಳಲ್ಲಿ, ತೊಡೆ, ಸೊಂಟ, ಭುಜಗಳಂಥ ದೊಡ್ಡ ಸ್ನಾಯುಗಳಲ್ಲಿ, ಔಷಧ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ತೀವ್ರ ನಿಶ್ಶಕ್ತಿಯ ಜೊತೆಗೆ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಒಂದು ದಿನವೂ ಕಾಯದೆ ಔಷಧ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಸ್ನಾಯುಗಳೇ ಕರಗುವ ಆ ಸ್ಥಿತಿ ಬಹಳ ಅಪರೂಪ, ಆದರೆ ಗಂಭೀರವಾದದ್ದು.

ಸಕ್ಕರೆ ಕಾಯಿಲೆಯ ವಿಷಯವನ್ನು ಯಾರೂ ಇನ್ನೂ ಎತ್ತಿಲ್ಲ. ಅದು ಹುಸಿ ಭಯವಲ್ಲ. 91,140 ಜನರಿದ್ದ 13 ಪ್ರಯೋಗಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯಲ್ಲಿ ಸ್ಟ್ಯಾಟಿನ್ ಪಡೆದವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡಾ 9ರಷ್ಟು ಹೆಚ್ಚಿತ್ತು. 255 ಜನ ನಾಲ್ಕು ವರ್ಷ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಬರುತ್ತದೆ ಎಂಬುದು ಅದರ ತಾತ್ಪರ್ಯ. ಪ್ರಮಾಣ ಹೆಚ್ಚಿದಷ್ಟೂ ಈ ಸಂಭವ ಹೆಚ್ಚು, ಮತ್ತು ಇದು ಬಹುತೇಕ ಸಕ್ಕರೆ ಮೊದಲೇ ಗಡಿಯಲ್ಲಿದ್ದವರಲ್ಲಿ ಕಾಣುತ್ತದೆ. ಹಾಗಾಗಿ ಮಾತ್ರೆ ಶುರು ಮಾಡುವ ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನೋಡಿಕೊಳ್ಳುವುದು ಒಳ್ಳೆಯದು. ಯಕೃತ್ತಿನ ಬಗ್ಗೆ ಇದ್ದ ಭಯ ಮಾತ್ರ ಬಹಳಷ್ಟು ಇಳಿದಿದೆ: ಎಲ್ಲರಿಗೂ ನಿಯಮಿತವಾಗಿ ಯಕೃತ್ತಿನ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಹೇಳಿತು.

ಪ್ರಮಾಣದ ಬಗ್ಗೆ ಒಂದು ಮಾತು. ಸ್ಟ್ಯಾಟಿನ್ ಪ್ರಮಾಣವನ್ನು ದುಪ್ಪಟ್ಟು ಮಾಡಿದಾಗ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇಕಡಾ 6 ಮಾತ್ರ. ಎಜೆಟಿಮೈಬ್ ಸೇರಿಸಿದರೆ ಸುಮಾರು ಶೇಕಡಾ 20 ಇಳಿಯುತ್ತದೆ. ಹೃದ್ರೋಗ ಈಗಾಗಲೇ ಇದ್ದ 3,780 ಜನರಲ್ಲಿ ನಡೆದ ರೇಸಿಂಗ್ ಎಂಬ ಪ್ರಯೋಗ, ರೋಸುವಾಸ್ಟ್ಯಾಟಿನ್ 10ರ ಜೊತೆ ಎಜೆಟಿಮೈಬ್ 10 ಕೊಡುವುದು ರೋಸುವಾಸ್ಟ್ಯಾಟಿನ್ 20ನ್ನು ಒಂಟಿಯಾಗಿ ಕೊಡುವುದಕ್ಕಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂದು 2022ರಲ್ಲಿ ತೋರಿಸಿತು. ಸಹಿಸಲಾಗದೆ ಔಷಧ ಬಿಟ್ಟವರು ಅಥವಾ ಪ್ರಮಾಣ ಇಳಿಸಿಕೊಂಡವರು ಜೋಡಿ ಔಷಧದ ಗುಂಪಿನಲ್ಲಿ ಕಡಿಮೆಯಿದ್ದರು. ಹೆಚ್ಚಿನ ಪ್ರಮಾಣಕ್ಕೆ ಹೆದರುವವರು ವೈದ್ಯರ ಬಳಿ ಈ ಮಾರ್ಗದ ಬಗ್ಗೆ ಕೇಳಬಹುದು. ಮಾತ್ರೆ ಬೇಡ ಅಥವಾ ಬೇಕು ಎಂಬ ಎರಡೇ ಆಯ್ಕೆಗಳಿವೆ ಎಂದು ಭಾವಿಸಿ ಬಹಳ ಜನ ಬೇಡವನ್ನು ಆರಿಸಿಕೊಳ್ಳುತ್ತಾರೆ.

ಮೂಳೆಸವೆತ

ನನಗೆ ಮೂಳೆಗಾಗಿ ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದಾರೆ. ಹೃದಯದ ಸ್ಕೋರ್ 160 ಬಂದಿದೆ. ಆ ಕ್ಯಾಲ್ಸಿಯಂ ಇಲ್ಲಿ ಬಂದು ಕೂರುತ್ತಿದೆಯೇ? ಕೆ2 ಜೀವಸತ್ವ ತೆಗೆದುಕೊಂಡರೆ ಅದು ಮೂಳೆಗೆ ಹಿಂತಿರುಗುತ್ತದೆ ಎಂದು ಹಲವರು ಹೇಳುತ್ತಾರೆ.

ಸ್ಟೆತಸ್ಕೋಪು

ನಾಳದ ಕ್ಯಾಲ್ಸಿಯಂ ಪ್ಲಾಕಿನ ಒಳಗಿನ ಪ್ರಕ್ರಿಯೆಯ ಫಲ. ರಕ್ತದಲ್ಲಿ ಕ್ಯಾಲ್ಸಿಯಂ ತುಂಬಿ ತುಳುಕಿ ಅಲ್ಲಿ ಇಳಿಯುವುದಲ್ಲ. ಮೂಳೆಗೆಂದು ಕೊಟ್ಟ ಮಾತ್ರೆಯನ್ನು ಈ ಸ್ಕೋರ್ ನೋಡಿ ನೀವಾಗಿಯೇ ನಿಲ್ಲಿಸಬೇಡಿ. ನಿಮಗೆ ಅದು ಎಷ್ಟು ಬೇಕು ಎಂಬುದನ್ನು ಬರೆದುಕೊಟ್ಟವರ ಜೊತೆ ಮತ್ತೊಮ್ಮೆ ಚರ್ಚಿಸಿ. ಕೆ2 ಬಗ್ಗೆ ಪ್ರಚಾರ ಇರುವಷ್ಟು ಪುರಾವೆ ಇಲ್ಲ. ಡೆನ್ಮಾರ್ಕಿನಲ್ಲಿ ಕೆ2 ಮತ್ತು ಡಿ ಜೀವಸತ್ವಗಳನ್ನು ಎರಡು ವರ್ಷ ಕೊಟ್ಟು ಹೃದಯದ ಮಹಾಪಧಮನಿಯ ಕವಾಟದಲ್ಲಿ ಸುಣ್ಣ ಕಟ್ಟುವುದು ನಿಧಾನವಾಗುತ್ತದೆಯೇ ಎಂದು ನೋಡಿದರು; 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಗಲಿಲ್ಲ. ರಕ್ತನಾಳಕ್ಕೆ ಇ.ಡಿ.ಟಿ.ಎ. ಎಂಬ, ಲೋಹಗಳನ್ನು ಹಿಡಿದುಕೊಳ್ಳುವ ರಾಸಾಯನಿಕ ಹರಿಸಿ ಕ್ಯಾಲ್ಸಿಯಂ ತೊಳೆಯುತ್ತೇವೆ ಎನ್ನುವವರೂ ಸಿಗುತ್ತಾರೆ. ಆ ಚಿಕಿತ್ಸೆಯ ಮೊದಲ ದೊಡ್ಡ ಪ್ರಯೋಗದಲ್ಲಿ ಕಂಡ ಅಲ್ಪ ಲಾಭವನ್ನು 2024ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗ ದೃಢಪಡಿಸಲಿಲ್ಲ. ಅದರ ಹಿಂದೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಬೆಳಗಿನನಡಿಗೆಯವರೇ, ನಿಮಗೆ ಹೇಳಬೇಕಾದದ್ದು ಇನ್ನೂ ಉಳಿದಿದೆ. ಇಷ್ಟು ಸ್ಕೋರ್ ನೋಡಿದೊಡನೆ ಬಹಳ ಕುಟುಂಬಗಳು ಆಂಜಿಯೋಗ್ರಾಂ, ಸ್ಟೆಂಟ್ ಎಂದು ಗಾಬರಿಯಿಂದ ಓಡುತ್ತವೆ. ಎದೆನೋವೇ ಇಲ್ಲದವರಿಗೆ ಸ್ಕೋರ್ ಒಂದನ್ನೇ ಆಧಾರವಾಗಿಟ್ಟುಕೊಂಡು ಸ್ಟೆಂಟ್ ಹಾಕುವುದಕ್ಕೆ ಸಮರ್ಥನೆಯಿಲ್ಲ. ಹೃದಯಕ್ಕೆ ರಕ್ತದ ಕೊರತೆ ಇದೆಯೆಂದು ಪರೀಕ್ಷೆಯಲ್ಲಿ ಕಂಡುಬಂದಿದ್ದ 5,179 ಸ್ಥಿರ ರೋಗಿಗಳಲ್ಲಿ ನಡೆದ ಇಸ್ಕೀಮಿಯಾ ಪ್ರಯೋಗದಲ್ಲಿಯೂ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಔಷಧದಿಂದ ಆರಂಭಿಸಿದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ನಡೆಯುವಾಗ ಎದೆ ಬಿಗಿಯುವುದು, ಮೊದಲಿಲ್ಲದ ಏದುಸಿರು, ದವಡೆಗೋ ತೋಳಿಗೋ ಹರಡುವ ನೋವು ಕಾಣಿಸಿಕೊಂಡರೆ ಆಗ ವಿಷಯವೇ ಬೇರೆ, ಮೇಲಿನ ಚರ್ಚೆ ಅದಕ್ಕೆ ಅನ್ವಯಿಸುವುದಿಲ್ಲ.

ಅಮೆರಿಕದ ಹೃದ್ರೋಗ ಸಂಘಟನೆಗಳ 2018ರ ಮಾರ್ಗಸೂಚಿಯಲ್ಲಿ, ತೀರ್ಮಾನ ಅನಿಶ್ಚಿತವಾಗಿರುವವರಲ್ಲಿ ಸ್ಕೋರ್ ಸೊನ್ನೆ ಇದ್ದರೆ, ಸಕ್ಕರೆ ಕಾಯಿಲೆ, ಧೂಮಪಾನ ಅಥವಾ ಚಿಕ್ಕ ವಯಸ್ಸಿನಲ್ಲಿ ಹೃದ್ರೋಗ ಬಂದ ಕುಟುಂಬದ ಇತಿಹಾಸ ಇಲ್ಲದ ಪಕ್ಷದಲ್ಲಿ, ಸ್ಟ್ಯಾಟಿನ್ ಮುಂದೂಡಬಹುದು. 100 ದಾಟಿದರೆ ಅಥವಾ ತಮ್ಮ ವಯಸ್ಸು, ಲಿಂಗದವರ ಪೈಕಿ ನೂರಕ್ಕೆ 75 ಜನರ ಸ್ಕೋರನ್ನು ಮೀರಿದರೆ ಆರಂಭಿಸುವುದು ಸೂಕ್ತ ಎಂದಿದೆ. ಸ್ಕೋರ್ 1000 ಮೀರಿದವರ ಅಪಾಯ ಹೃದಯಾಘಾತ ಆಗಿಹೋದವರ ಅಪಾಯಕ್ಕೆ ಸಮೀಪ ಬರುತ್ತದೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮದು ಆ ಮಟ್ಟದಲ್ಲಿಲ್ಲ, ಅನಿಶ್ಚಿತ ವಲಯದಲ್ಲೂ ಇಲ್ಲ.

ಸ್ಟ್ಯಾಟಿನ್ ಒಂದೇ ಉತ್ತರವೆಂದು ಯಾರೂ ತಿಳಿಯದಿರಲಿ. ಗಡಿಯಂಚಿನಲ್ಲಿದೆ ಎಂದು ಬದಿಗಿಟ್ಟಿರುವ ನಿಮ್ಮ ರಕ್ತದೊತ್ತಡಕ್ಕೆ ಈ ಸ್ಕೋರ್ ಬಂದ ಮೇಲೆ ಬೇರೆ ಅರ್ಥವಿದೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ, ಎಲ್‌ಡಿಎಲ್‌ನಂಥ ಇನ್ನೊಂದು ಕಣವಾದ ಲಿಪೋಪ್ರೋಟೀನ್ ಎ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದು ಹುಟ್ಟಿನಿಂದ ಬರುವಂಥದ್ದು, ಸ್ಟ್ಯಾಟಿನ್‌ನಿಂದ ಇಳಿಯುವುದಿಲ್ಲ, ಆದರೆ ಹೆಚ್ಚಿದ್ದರೆ ಎಲ್‌ಡಿಎಲ್ ಅನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲು ಕಾರಣವಾಗುತ್ತದೆ. ಥೈರಾಯ್ಡ್ ನಿಧಾನವಾಗಿದ್ದರೆ ಎಲ್‌ಡಿಎಲ್ ಏರುತ್ತದೆ, ಸ್ಟ್ಯಾಟಿನ್‌ನ ಸ್ನಾಯುನೋವೂ ಹೆಚ್ಚುತ್ತದೆ. ಅದನ್ನು ಮೊದಲೇ ನೋಡಿಕೊಳ್ಳಬೇಕು. ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ಆರಂಭಿಸಬೇಡಿ: ಹೊಟ್ಟೆಯಲ್ಲಿ, ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವನ್ನು ಎದುರಿಗಿಟ್ಟು ತೂಗಿ ನೋಡದೆ ಅದನ್ನು ಕೊಡುವಂತಿಲ್ಲ.

ಎಪ್ಪತ್ತೆಂಟು

ನನ್ನ ವಯಸ್ಸಿನವರಿಗೂ ಇದೇ ಲೆಕ್ಕವೇ? ಸ್ಕೋರ್ 700 ಇದೆ, ಈವರೆಗೆ ಏನೂ ಆಗಿಲ್ಲ.

ಅಂಕಿಗಣಿತ

ಎಪ್ಪತ್ತೈದು ದಾಟಿದ, ಹೃದ್ರೋಗ ಕಾಣಿಸಿಕೊಳ್ಳದ ಹಿರಿಯರ ಬಗ್ಗೆ ನೇರ ಪುರಾವೆ ತೆಳುವಾಗಿದೆ. ಆ ಕೊರತೆಯನ್ನು ತುಂಬಲೆಂದೇ ಸ್ಟಾರೀ ಮತ್ತು ಪ್ರಿವೆಂಟಬಲ್ ಎಂಬ ದೊಡ್ಡ ಪ್ರಯೋಗಗಳನ್ನು ಕೈಗೊಂಡಿದ್ದಾರೆ. ಈ ವಯಸ್ಸಿನಲ್ಲಿ ಕ್ಯಾಲ್ಸಿಯಂ ಇರುವುದು ಸಾಮಾನ್ಯವಾದ್ದರಿಂದ ಹೆಚ್ಚಿನ ಸ್ಕೋರ್‌ಗಿಂತ ಸೊನ್ನೆ ಬಂದರೆ ಅದು ಕೊಡುವ ಮಾಹಿತಿ ದೊಡ್ಡದು. ನೀವು ತೆಗೆದುಕೊಳ್ಳುತ್ತಿರುವ ಇತರ ಔಷಧಗಳು, ನಿಮ್ಮ ಬಲ, ಮುಂದಿನ ವರ್ಷಗಳಲ್ಲಿ ನೀವು ಯಾವುದನ್ನು ಮುಖ್ಯವೆಂದು ಎಣಿಸುತ್ತೀರಿ ಎಂಬುದು ನನ್ನ ಲೆಕ್ಕಕ್ಕಿಂತ ಹೆಚ್ಚು ತೂಗುತ್ತವೆ.

ಒಪ್ಪದವನು

ನಾನು ಪೂರ್ತಿ ಒಪ್ಪಿದೆನೆಂದು ತಿಳಿಯಬೇಡಿ. ದೀರ್ಘಕಾಲ ಓಟ, ಸೈಕಲ್ ತುಳಿತದಂಥ ಕಠಿಣ ವ್ಯಾಯಾಮ ಮಾಡಿದವರಲ್ಲಿಯೂ ಸ್ಕೋರ್ ಹೆಚ್ಚಿರುವುದು ಕಂಡಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರಲ್ಲಿ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಸುಣ್ಣ ಕಟ್ಟುವುದು ಬೇರೆ ದಾರಿಯಲ್ಲೂ ನಡೆಯುತ್ತದೆ. ಇಂಥವರಿಗೆಲ್ಲ ಒಂದೇ ಕೋಷ್ಟಕದ ಅಪಾಯವನ್ನು ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಆದರೂ ಅಂಥ ಕಾರಣ ಯಾವುದೂ ಇಲ್ಲದ 58 ವರ್ಷದವರಲ್ಲಿ 412 ಬಂದಾಗ, ಮಾತ್ರೆ ಬೇಡವೆನ್ನಲು ನನ್ನ ಬಳಿ ಬಲವಾದ ವಾದ ಉಳಿದಿಲ್ಲ. ನನ್ನ ಸ್ವಂತ ಸ್ಕೋರ್ 38, ನಾನು ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ. ಎರಡು ನಿಲುವುಗಳ ನಡುವೆ ವಿರೋಧವಿಲ್ಲವೆಂದೇ ನನ್ನ ನಂಬಿಕೆ.

ಬೆಳಗಿನನಡಿಗೆ

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರನ್ನು ಮತ್ತೆ ಕಂಡು ಬಂದೆ. ಥೈರಾಯ್ಡ್ ಸರಿಯಿದೆ, ಎಚ್‌ಬಿಎ1ಸಿ 5.8 ಇದೆ, ಅಂದರೆ ಸಕ್ಕರೆಯ ಗಡಿಯ ಒಳಗೆ ಒಂದು ಕಾಲಿಟ್ಟಿದ್ದೇನೆ. ಅದನ್ನು ಮುಂದಿಟ್ಟು ಕೇಳಿದಾಗ, 20ರ ಬದಲು ರೋಸುವಾಸ್ಟ್ಯಾಟಿನ್ 10ರಿಂದ ಆರಂಭಿಸಿ, ಎಲ್‌ಡಿಎಲ್ 70ಕ್ಕಿಂತ ಕೆಳಗೆ ಬಾರದಿದ್ದರೆ ಎಜೆಟಿಮೈಬ್ ಸೇರಿಸೋಣವೆಂದು ಅವರು ಒಪ್ಪಿದರು. ರಕ್ತದೊತ್ತಡವನ್ನು ಮನೆಯಲ್ಲೇ ಅಳೆದು ಬರೆದಿಡಲು ಹೇಳಿದ್ದಾರೆ. ಲಿಪೋಪ್ರೋಟೀನ್ ಎ ವರದಿ ಇನ್ನೂ ಬರಬೇಕು. ಹದಿನೇಳರಲ್ಲಿ ಒಬ್ಬ ಎಂಬ ಲೆಕ್ಕ ನನಗೆ ಸಾಕೆನಿಸಿತು. ನನ್ನ ಹೆಂಡತಿಗೆ ಅದು ಬಹಳ ಚಿಕ್ಕ ಲಾಭವೆನಿಸಿದೆ, ಅವರ ಮಾತನ್ನೂ ನಾನು ತಳ್ಳಿಹಾಕಲಾರೆ. ಮುಂದಿನ ಪರೀಕ್ಷೆ ಯಾವಾಗ ಮಾಡಿಸಬೇಕು, ಮಾತ್ರೆಯನ್ನು ರಾತ್ರಿಯೇ ತೆಗೆದುಕೊಳ್ಳಬೇಕೇ, ಸ್ಕ್ಯಾನ್ ಅನ್ನು ಮತ್ತೆ ಎಂದು ಮಾಡಿಸಬೇಕು ಎಂಬ ಪ್ರಶ್ನೆಗಳು ಉಳಿದಿವೆ.

ಔಷಧಶಾಸ್ತ್ರ

ರೋಸುವಾಸ್ಟ್ಯಾಟಿನ್ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ರಾತ್ರಿಯ ನಿಯಮ ಸಿಂವಾಸ್ಟ್ಯಾಟಿನ್‌ನಂಥ ಅಲ್ಪಾವಧಿಯ ಔಷಧಗಳಿಗೆ ಸೇರಿದ್ದು. ಮರೆಯದಿರುವ ಹೊತ್ತೇ ಒಳ್ಳೆಯ ಹೊತ್ತು. ಆಮ್ಲಹಾರಿ (ಆಂಟಾಸಿಡ್) ದ್ರವ ಕುಡಿಯುವ ಅಭ್ಯಾಸವಿದ್ದರೆ ಅದಕ್ಕೂ ಈ ಮಾತ್ರೆಗೂ ನಡುವೆ ಎರಡು ಗಂಟೆಯ ಅಂತರವಿರಲಿ. ಬೇರೆ ಯಾವ ಕಾಯಿಲೆಗೆ ಔಷಧ ಬರೆಸಿಕೊಳ್ಳುವಾಗಲೂ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಹೇಳಿ. ಕೆಲವು ಔಷಧಗಳು ಇದರೊಂದಿಗೆ ಹೊಂದುವುದಿಲ್ಲ.

ಸ್ಟೆತಸ್ಕೋಪು

ರಕ್ತಪರೀಕ್ಷೆಯನ್ನು ನಾಲ್ಕರಿಂದ ಹನ್ನೆರಡು ವಾರಗಳ ಒಳಗೆ ಮಾಡಿಸಿ, ಜೊತೆಗೆ ಎಚ್‌ಬಿಎ1ಸಿಯನ್ನು ವರ್ಷಕ್ಕೊಮ್ಮೆ ನೋಡಿಕೊಳ್ಳಿ. ಸ್ಕ್ಯಾನ್ ಮತ್ತೆ ಬೇಡ. ಸ್ಟ್ಯಾಟಿನ್ ತೆಗೆದುಕೊಳ್ಳುವಾಗ ಸ್ಕೋರ್ 480 ಆದರೂ 520 ಆದರೂ ಚಿಕಿತ್ಸೆಯಲ್ಲಿ ನಾನು ಏನನ್ನೂ ಬದಲಿಸುವುದಿಲ್ಲ, ಆ ಅಂಕಿ ನಿಮ್ಮ ನಿದ್ದೆಯನ್ನಷ್ಟೇ ಕೆಡಿಸುತ್ತದೆ. ಇನ್ನು ಮುಂದೆ ಎಲ್‌ಡಿಎಲ್ ಮತ್ತು ರಕ್ತದೊತ್ತಡದ ಅಂಕಿಗಳನ್ನು ನೋಡಿದರೆ ಸಾಕು. ಲಿಪೋಪ್ರೋಟೀನ್ ಎ ಹೆಚ್ಚು ಬಂದರೆ ಮಾತ್ರ 70ರ ಗುರಿಯ ಬಗ್ಗೆ ನಿಮ್ಮ ವೈದ್ಯರೊಂದಿಗೆ ಮತ್ತೊಮ್ಮೆ ಮಾತನಾಡಿ, ಮತ್ತು ಆಗ ನಿಮ್ಮ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ಪರೀಕ್ಷೆಯನ್ನು ಒಮ್ಮೆ ಮಾಡಿಸಲು ಹೇಳಿ.